ಹೊಲಿಗೆ ಬಲ್ಲ ಮೊಲ

ನನ್ನ ತೋಟಕ್ಕೆ ಮೊಲ ನುಗ್ಗಿದ್ದು ನಿಜ. ಹುರುಳಿಕಾಯಿಯ ಎರಡು ಸಾಲು ಒಂದೇ ಬೆಳಗಿನಲ್ಲಿ ಬೋಳಾಗಿದ್ದೂ ನಿಜ. ಆದರೆ ಅಷ್ಟಕ್ಕೆ ಅರವತ್ತೆಂಟು ವರ್ಷದ ಅಕ್ಕನನ್ನು ಆರು ಗಂಟೆ ಬಸ್ಸಿನಲ್ಲಿ ಕೂರಿಸಿ ಕರೆಸಿಕೊಳ್ಳಬೇಕಾಗಿತ್ತೇ ಎಂದು ಕೇಳಿದರೆ, ಬೇಕಾಗಿರಲಿಲ್ಲ. ಹಾರ್ಡ್‌ವೇರ್ ಅಂಗಡಿಯವನು ಇಬ್ಬರು ಆಳು ಕಳಿಸಿ ಒಂದೇ ದಿನದಲ್ಲಿ ಬೇಲಿ ಹಾಕಿಸಿಕೊಡುತ್ತೇನೆಂದು ತಾನಾಗಿಯೇ ಹೇಳಿದ್ದ. "ನಿಮ್ಮ ಆಳುಗಳಿಗೆ ಮೊಲದ ಬುದ್ಧಿ ಗೊತ್ತಿಲ್ಲ, ನಮ್ಮಕ್ಕನಿಗೆ ಗೊತ್ತು" ಅಂದೆ. ಅವನು ಒಮ್ಮೆ ನನ್ನ ಮುಖ ನೋಡಿ, ತಂತಿ ಜಾಲರಿಯ ಸುರುಳಿಯನ್ನು ಗಾಡಿಗೆ ಹಾಕಿಸಿದ. ನನ್ನ ಜೊತೆ ವಾದಕ್ಕೆ ನಿಂತವರು ಈ ಬೀದಿಯಲ್ಲಿ ಕಡಿಮೆ.

ಅಕ್ಕ ಊರಲ್ಲಿ ಒಬ್ಬಳೇ ಇದ್ದಳು. ಭಾವ ಹೋಗಿ ಆರು ವರ್ಷವಾಗಿತ್ತು. ಮಂಡಿನೋವು ಹೆಚ್ಚಾದ ಮೇಲೆ ಹಸುಗಳನ್ನೂ ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಿದ್ದಳು. ಇಲ್ಲಿ ನಾನೂ ಒಬ್ಬಳೇ. ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಅಂಗಡಿ, ಅದರ ಹಿಂದೆ ಎರಡು ಕೋಣೆ, ಅಡುಗೆಮನೆ, ಆಮೇಲೆ ತೋಟ. ತೋಟದಾಚೆ ಯಾರೂ ಮನೆ ಕಟ್ಟದೆ ಬಿಟ್ಟ ಪೊದೆಗಳ ಬಯಲು. ನಲವತ್ತು ವರ್ಷ ಕಂಡವರ ಮದುವೆ ಬಟ್ಟೆಯನ್ನೆಲ್ಲ ಹೊಲಿದೆ, ನನಗೆಂದು ಒಂದೂ ಹೊಲಿದುಕೊಳ್ಳಲಿಲ್ಲ. ಅದಕ್ಕೆ ನನಗೆ ಎಳ್ಳಷ್ಟೂ ಬೇಸರವಿಲ್ಲ, ಯಾಕೆಂದು ಕೇಳುವವರ ಮೇಲೆ ಮಾತ್ರ ಸಿಟ್ಟಿದೆ. ನನಗೆ ಬೇಕಾಗಿದ್ದದ್ದು ಒಂದೇ: ಅಕ್ಕ ನನ್ನ ಜೊತೆ ಇರಬೇಕು. ಬಂದು ಹೋಗುವುದಲ್ಲ, ಇರಬೇಕು.

ಅದನ್ನು ಬಾಯಿಬಿಟ್ಟು ಕೇಳುವ ಹಾಗಿರಲಿಲ್ಲ. "ಯಾರ ಮನೇಲೂ ಕೂತು ಉಣ್ಣೋ ಜಾಯಮಾನ ನನ್ನದಲ್ಲ" ಅನ್ನುವವಳು ಅವಳು. ಕೆಲಸವಿದೆ ಅಂದರೆ ಮಾತ್ರ ಕಾಲು ಕೀಳುತ್ತಾಳೆ. ಬಂದವಳು ಚಪ್ಪಲಿ ಬಿಡುವ ಮೊದಲೇ, "ಬೇಲಿ ಮುಗಿದ ಮಾರನೇ ದಿನ ಬೆಳಗಿನ ಬಸ್ಸಿಗೆ ನಾನು ಹೊರಟೆ, ಈಗಲೇ ಹೇಳಿದೀನಿ" ಅಂದಳು. ಬಟ್ಟೆಗೆಂದು ನಾನು ಖಾಲಿ ಮಾಡಿಟ್ಟಿದ್ದ ಬೀರುವಿನ ಕಡೆ ತಿರುಗಿಯೂ ನೋಡಲಿಲ್ಲ. ಚೀಲದಿಂದ ಒಂದೊಂದೇ ಸೀರೆ ತೆಗೆದು ಉಟ್ಟು, ಒಗೆದು, ಒಣಗಿಸಿ, ಮತ್ತೆ ಅದೇ ಚೀಲಕ್ಕೆ ಮಡಚಿ ಇಡುತ್ತಿದ್ದಳು.

ಮೊದಲನೇ ದಿನ ಕೈ ಹಿಂದೆ ಕಟ್ಟಿಕೊಂಡು ತೋಟವನ್ನೆಲ್ಲ ತಿರುಗಿ ನೋಡಿದಳು. ಅಲ್ಲಲ್ಲಿ ಬಿದ್ದಿದ್ದ ಹಿಕ್ಕೆಯನ್ನು ಕಡ್ಡಿಯಿಂದ ಕೆದಕಿದಳು.

"ಮೊಲ ಹಾರಿ ಬರಲ್ಲ ಕಣೇ ಸೂಜಿ, ತೋಡಿಕೊಂಡು ಬರುತ್ತೆ. ಜಾಲರೀನ ಮಣ್ಣೊಳಗೆ ಒಂದು ಗೇಣು ಇಳಿಸಬೇಕು. ಕೆಳಗೆ ಮಡಚಬೇಕು. ಕೇಳಿಸ್ತಾ?"

ಸೂಜಿ ಅಂದರೆ ನಾನು. ದರ್ಜಿಯಾಗುವ ಹತ್ತು ವರ್ಷ ಮೊದಲೇ, ನಾಲಿಗೆಯ ದೆಸೆಯಿಂದ ಬಂದ ಹೆಸರು ಅದು.

ಕೇಳಿಸಿತ್ತು. ಹದಿನಾರು ಗುಣಿ ತೋಡಿದೆ. ಅಕ್ಕ ಸ್ಟೂಲಿನ ಮೇಲೆ ಕೂತು, ಕಂಬ ಎಡಕ್ಕೆ ವಾಲಿದೆ, ಬಲಕ್ಕೆ ವಾಲಿದೆ ಎಂದು ಅಪ್ಪಣೆ ಕೊಡಿಸಿದಳು. ಮಾರನೇ ದಿನ ಮಧ್ಯಾಹ್ನವೆಲ್ಲ ಅವಳು ಮಲಗಿದ್ದಾಗ ನಾನೇ ಹುರುಪಿನಿಂದ ಕೂತು ಮೂರು ಬದಿಯ ಜಾಲರಿಯ ಬುಡವನ್ನು ಮಡಚಿ, ಮಣ್ಣು ಮುಚ್ಚಿ ತುಳಿದೆ. ಎದ್ದು ಬಂದ ಅಕ್ಕ ಒಂದು ಕಡೆ ಕೆದಕಿ ನೋಡಿ ಹಣೆ ಚಚ್ಚಿಕೊಂಡಳು.

"ಒಳಗಡೆಗೆ ಮಡಚಿದೀಯಲ್ಲೇ! ಲಂಗಕ್ಕೆ ಅಂಚು ಹೊಲಿದಿದೀಯೇನೇ?"

ಅಂಚನ್ನು ಒಳಗಡೆಗೆ ಮಡಚದೆ ಇನ್ನೆಲ್ಲಿಗೆ ಮಡಚುತ್ತಾರೆ? ಹೊರಗಡೆಗಂತೆ. ಮೊಲ ಬೇಲಿಗೆ ಮೂತಿ ತಾಗಿಸಿ, ಅಲ್ಲೇ ಬುಡದಲ್ಲಿ ತೋಡಲು ಶುರುಮಾಡುತ್ತದಂತೆ. ಹೊರಗೆ ಮಡಚಿದ್ದರೆ ಅದರ ಕಾಲಡಿಯಲ್ಲೇ ತಂತಿ ಸಿಗುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೋಡುವ ಬುದ್ಧಿಯನ್ನು ದೇವರು ಅದಕ್ಕೆ ಕೊಟ್ಟಿಲ್ಲವಂತೆ. ಎಲ್ಲವನ್ನೂ ಅಗೆದು, ಬಿಚ್ಚಿ, ತಿರುಗಿಸಿ ಹಾಕಬೇಕಾಯಿತು. "ಹಾಳಾದ್ದು, ನಿನ್ನಿಂದ ಎರಡು ದಿನ ಹೋಯ್ತು" ಎಂದು ಅಕ್ಕ ಗೊಣಗಿದಳು. ಎರಡು ದಿನ ಸಿಕ್ಕಿತು ಎಂದು ನನಗೆ ಹೊಳೆದದ್ದು ಆಗಲೇ. ಆ ತಪ್ಪು ನಾನು ಬೇಕೆಂದು ಮಾಡಿದ್ದಲ್ಲ. ಆಮೇಲಿನವು ಬೇಕೆಂದೇ ಮಾಡಿದವು.

ಹೇಳಿದ ದಿನಕ್ಕೆ ಕೊಡದಿರುವ ವಿದ್ಯೆಯನ್ನು ದರ್ಜಿಗೆ ಯಾರೂ ಕಲಿಸಬೇಕಾಗಿಲ್ಲ. "ಎಲ್ಲಾ ಆಗಿದೆ, ಕಾಜಾ-ಗುಂಡಿ ಒಂದೇ ಬಾಕಿ, ನಾಳೆ ಬನ್ನಿ" ಎಂದು ನಲವತ್ತು ವರ್ಷ ನಗುತ್ತಲೇ ಹೇಳಿದವಳು ನಾನು. ಬಟ್ಟೆಯನ್ನು ಇನ್ನೂ ಕತ್ತರಿಸಿರದಿದ್ದಾಗಲೂ ಹೇಳಿದ್ದೇನೆ. ಬೇಲಿಗೂ ಅದನ್ನೇ ಮಾಡಿದೆ. ಒಂದು ದಿನ ಕಟಿಂಗ್ ಪ್ಲೇಯರ್ ಕಾಣೆಯಾಯಿತು. ಇನ್ನೊಂದು ದಿನ ತಂದ ಮೊಳೆ ಗಿಡ್ಡವಾಯಿತು. ಮತ್ತೊಂದು ದಿನ ಗಿರಾಕಿಯೊಬ್ಬಳ ಬಟ್ಟೆ ಅರ್ಜೆಂಟಾಯಿತು. ಆ ಗಿರಾಕಿಗೆ ಮಾತ್ರ ಆಶ್ಚರ್ಯವೋ ಆಶ್ಚರ್ಯ. ಹೇಳಿದ ದಿನಕ್ಕೆ ಮೂರು ದಿನ ಮುಂಚೆಯೇ ಬಟ್ಟೆ ಸಿಕ್ಕಿತ್ತು.

ಕೆಲಸ ಸಾಗದಿದ್ದರೂ ಮಾತು ಸಾಗಿತು. ಅಕ್ಕ ಜಾಲರಿ ಹಿಡಿದುಕೊಂಡರೆ ನಾನು ತಂತಿ ಬಿಗಿಯುವುದು, ಇಬ್ಬರೂ ಊರಿನ ಸುದ್ದಿ ಎತ್ತುವುದು. ಅಪ್ಪ ಹೊಲದ ಸುತ್ತ ಮುಳ್ಳು ಹೇರಿ ಹಾಕುತ್ತಿದ್ದ ಬೇಲಿ, ಅದನ್ನು ಎಳೆದು ತರುವಾಗ ನಮ್ಮಿಬ್ಬರ ಅಂಗೈಯಲ್ಲಿ ಮುರಿದು ಉಳಿಯುತ್ತಿದ್ದ ಮುಳ್ಳು, ಅದನ್ನು ತೆಗೆಯಲು ಅಮ್ಮ ಪಿನ್ನು ಹಿಡಿದು ಬಂದರೆ ನಾನು ಏರಿ ಕೂರುತ್ತಿದ್ದ ಅಟ್ಟ.

"ಬೆದರುಬೊಂಬೆ ನೆನಪಿದೆಯೇನೇ?" ಅಂದಳು ಅಕ್ಕ. "ಅಪ್ಪನ ಕೋಟು ಹಾಕಿ ನಿಲ್ಲಿಸಿದ್ದರಲ್ಲ. ಹೆಡ್‌ಮೇಷ್ಟ್ರು ಬದುವಿನ ಮೇಲೆ ನಿಂತುಕೊಂಡು, ನಿಮ್ಮ ಸಣ್ಣ ಹುಡುಗಿ ಸ್ಕೂಲಿಗೇ ಬರ್ತಿಲ್ಲ ಅಂತ ಅದರ ಹತ್ರ ಅರ್ಧ ಗಂಟೆ ದೂರು ಹೇಳಿದ್ರು."

"ಹೆಡ್‌ಮೇಷ್ಟ್ರಲ್ಲ, ಪೋಸ್ಟ್‌ಮ್ಯಾನು."

"ಪೋಸ್ಟ್‌ಮ್ಯಾನಿಗೆ ನೀನು ಸ್ಕೂಲಿಗೆ ಹೋಗದಿದ್ರೆ ಏನೇ ಆಗಬೇಕು? ಮೇಷ್ಟ್ರೇ. ಮಾತಾಡಿಸಿದ್ರೂ ಬಾಯಿ ಬಿಡಲಿಲ್ಲ, ಎಷ್ಟು ಕೊಬ್ಬು ಇವನಿಗೆ ಅಂತ ಆಮೇಲೆ ಒಂದು ವರ್ಷ ಅಪ್ಪನ ಜೊತೆ ಮಾತೇ ಬಿಟ್ಟಿದ್ರು."

ಇಬ್ಬರೂ ನಕ್ಕು ನಕ್ಕು ಜಾಲರಿ ಕೈಬಿಟ್ಟೆವು. ಅದು ಸುರುಳಿ ಸುತ್ತಿಕೊಂಡು ಮೂಲಂಗಿ ಪಾತಿಯ ಮೇಲೆ ಉರುಳಿತು. ಮತ್ತೆ ಅರ್ಧ ದಿನ ಲಾಭ.

ಇನ್ನೊಂದು ದಿನ ಕೆಂದ ಹಸುವಿನ ಮಾತು ಬಂತು. ಅಕ್ಕನನ್ನು ಬಿಟ್ಟು ಬೇರೆ ಯಾರು ಮುಟ್ಟಿದರೂ ಅದು ಒದೆಯುತ್ತಿತ್ತು.

"ನನ್ನ ಮದುವೆ ಆದಮೇಲೆ ಅದರ ಹಾಲು ಯಾರು ಕರೀತಿದ್ರು?" ಅಂತ ಕೇಳಿದಳು. ಐವತ್ತು ವರ್ಷದಲ್ಲಿ ಅದನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

"ಅಮ್ಮ. ನಿನ್ನ ಹಳೇ ಸೀರೆ ತಲೆ ಮೇಲಿಂದ ಹೊದ್ದುಕೊಂಡು. ವಾಸನೆ ನಿಂದೇ ಅಂತ ಅದು ಸುಮ್ಮನೆ ನಿಲ್ತಿತ್ತು."

"ಎಷ್ಟು ದಿನ?"

"ಒಂದು ತಿಂಗಳು. ಆಮೇಲೂ ಅಮ್ಮ ಆ ಸೀರೆ ಒಗೆಯೋಕೆ ಬಿಡ್ತಿರಲಿಲ್ಲ."

ಅಕ್ಕ "ಪಾಪ, ಮೂಕಪ್ರಾಣಿಗೆ ಮೋಸ" ಅಂದು ಕಣ್ಣೊರೆಸಿಕೊಂಡಳು. ಆ ಒಂದು ತಿಂಗಳು ಮನೆಯಲ್ಲಿ ಇನ್ನೊಂದು ಪ್ರಾಣಿಯೂ ಇತ್ತು, ಅದಕ್ಕೆ ಯಾರೂ ಸೀರೆ ಹೊದ್ದು ತೋರಿಸಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಜೀವಮಾನದಲ್ಲಿ ನಾನು ನುಂಗಿಕೊಂಡ ಮಾತುಗಳು ನಾಲ್ಕೋ ಐದೋ. ಅದರಲ್ಲಿ ಅದೊಂದು.

ಹನ್ನೊಂದನೇ ದಿನ ನೆಪಗಳೆಲ್ಲ ಖಾಲಿಯಾದವು. ಬೆಳಿಗ್ಗೆ ನಾಲ್ಕನೇ ಬದಿ ಮುಗಿಯಿತು. ಹನ್ನೆರಡು ಗಂಟೆಗೆ ಬಾಗಿಲೂ ಕೂತಿತು. ಅಕ್ಕ ಬೇಲಿಯನ್ನು ಒಂದು ಸುತ್ತು ಅಲುಗಾಡಿಸಿ ನೋಡಿ, "ಇನ್ನು ಇರುವೆ ಬಂದರೂ ಕೇಳಿಕೊಂಡೇ ಬರಬೇಕು. ನಾಳೆ ಬಸ್ಸು ಎಷ್ಟು ಹೊತ್ತಿಗೆ?" ಅಂದಳು. ಊಟ ಮಾಡಿ ಒಂದು ಗಳಿಗೆ ಅಡ್ಡಾದಳು.

ನಾನು ಪ್ಲೇಯರ್ ತೆಗೆದುಕೊಂಡು ತೋಟಕ್ಕೆ ಹೋದೆ. ನೀರಿನ ಡ್ರಮ್ಮಿನ ಹಿಂದೆ, ಎದ್ದುಕಾಣದ ಜಾಗದಲ್ಲಿ ಕೂತು, ಜಾಲರಿಯನ್ನು ಕತ್ತರಿಸಿ ಮೊಲ ಹಿಡಿಸುವಷ್ಟು ಕಿಂಡಿ ಮಾಡಿದೆ. ಐವತ್ತೆಂಟು ವರ್ಷದ ಹೆಂಗಸು, ತನ್ನ ತೋಟದ ಬೇಲಿಗೆ ತಾನೇ ಕನ್ನ ಕೊರೆಯುವುದು. ನಾಚಿಕೆಯಾಯಿತು. ಆದರೂ ಕೈ ನಿಲ್ಲಲಿಲ್ಲ.

ಮೊಲ ನನ್ನ ಮಾನ ಉಳಿಸಿತು. ಬೆಳಿಗ್ಗೆ ಎದ್ದು ನೋಡಿದರೆ ಹುರುಳಿಕಾಯಿಯ ಮೂರನೇ ಸಾಲೂ ಬೋಳು. ಚೀಲವನ್ನು ಬಾಗಿಲ ಹತ್ತಿರ ತಂದಿಟ್ಟಿದ್ದ ಅಕ್ಕನನ್ನು ಕೂಗಿದೆ. "ಅಯ್ಯೋ, ನೋಡಕ್ಕ, ಮತ್ತೆ ಬಂದಿದೆ!" ನನ್ನ ದನಿಯಲ್ಲಿ ಸಂಕಟ ಸಾಕಷ್ಟಿತ್ತು ಎಂದೇ ನನ್ನ ನಂಬಿಕೆ.

ಅಕ್ಕ ಬಸ್ಸನ್ನು ಮರೆತಳು. ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಬೇಲಿಯ ಉದ್ದಕ್ಕೂ ಕೈಯಾಡಿಸುತ್ತಾ ಹೋದಳು. ಡ್ರಮ್ಮಿನ ಹಿಂದೆ ಹೋದವಳು ಅಲ್ಲೇ ನಿಂತಳು.

"ಸೂಜೀ, ಬಾರೇ ಇಲ್ಲಿ."

ಹೋದೆ.

"ಈ ಮೊಲಕ್ಕೆ ಹೊಲಿಗೆ ಬರುತ್ತೆ" ಅಂದಳು.

ಬಗ್ಗಿ ನೋಡಿದೆ. ಕಿಂಡಿ ಅಚ್ಚುಕಟ್ಟಾಗಿ ಚೌಕವಾಗಿತ್ತು, ಮೂಲೆಗಳು ಕೂಡಾ ಸರಿಯಾಗಿದ್ದವು. ಅಷ್ಟೇ ಆಗಿದ್ದರೆ ಏನಾದರೂ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನಾಲ್ಕೂ ಕಡೆ, ಕತ್ತರಿಸಿದ ಒಂದೊಂದು ತಂತಿಯ ತುದಿಯನ್ನೂ ಒಳಗಡೆಗೆ ಮಡಚಿ ಒತ್ತಿ ಕೂರಿಸಲಾಗಿತ್ತು. ಯಾವಾಗ ಮಾಡಿದೆನೋ ನನಗೇ ನೆನಪಿಲ್ಲ. ಕತ್ತರಿಸಿದ ಅಂಚನ್ನು ಹಾಗೇ ಬಿಡುವುದು ಈ ಕೈಗೆ ಗೊತ್ತೇ ಇಲ್ಲ.

"ಅದರ ಮೈಗೆ ಗೀರಬಾರದು ಅಂತ ಅಂಚು ಬೇರೆ ಹಾಕಿದೀಯಲ್ಲೇ?" ಅಕ್ಕ ನಗುತ್ತಿರಲಿಲ್ಲ. "ಯಾಕೇ ಹೀಗೆ ಮಾಡಿದೆ?"

"ಬೇಲಿ ಮುಗಿದರೆ ಹೋಗ್ತೀನಿ ಅಂದ್ಯಲ್ಲ, ಅದಕ್ಕೆ."

"ಇರು ಅಂತ ಕೇಳೋದಕ್ಕೆ ಏನಾಗಿತ್ತು?"

"ಕೇಳಿದ್ರೆ ಇರ್ತಿದ್ಯಾ?"

"ಇಲ್ಲ."

"ಮತ್ತೆ!"

"ಮತ್ತೆ ಏನು ಮತ್ತೆ? ಕೇಳಬೇಕು ತಾನೆ? ಕೇಳದೇ ಇದ್ರೆ ಬೇಕಾಗಿದೀನಿ ಅಂತ ನನಗೆ ಹೆಂಗೆ ಗೊತ್ತಾಗಬೇಕು? ಬೇಲಿ ಹಾಕು ಬಾ ಅಂದೆ. ಬೇಲಿ ಹಾಕಿದೆ."

ನನಗೆ ಸಿಟ್ಟು ಬಂತು. ಅಳು ಬರುವ ಮೊದಲು ನನಗೆ ಯಾವಾಗಲೂ ಸಿಟ್ಟು ಬರುತ್ತದೆ. "ಒಂದು ಸಲ ಕೇಳಿದ್ದೆ. ನೀನು ಮದುವೆ ಆಗಿ ಹೊರಟ ದಿನ. ಹೋಗಬೇಡ ಅಂದಿದ್ದೆ."

"ಎಲ್ಲಿ ಅಂದೆ? ಕಚ್ಚಿದೆ. ಗಾಡಿ ಹತ್ತೋವಾಗ ಈ ಕೈಗೇ ಬಾಯಿ ಹಾಕಿದ್ದೆ."

"ಏಳು ವರ್ಷದ ಮಗು ಇನ್ನು ಹೆಂಗೆ ಕೇಳಬೇಕಿತ್ತು? ನಾಲ್ಕು ದಿನ ಬಿಟ್ಟು ಬರ್ತೀನಿ ಅಂದೆ ನೀನು. ನಾಲ್ಕು ದಿನ ಎಣಿಸಿದೆ. ನೂರರವರೆಗೂ ಎಣಿಸೋಕೆ ಬರ್ತಿತ್ತು ನನಗೆ, ಆದರೆ ಐದನೇ ದಿನದಿಂದ ಎಣಿಸಲಿಲ್ಲ. ನೀನು ಬಂದಿದ್ದು ವರ್ಷ ಆದ ಮೇಲೆ."

ಅಕ್ಕ ಡ್ರಮ್ಮಿಗೆ ಕೈ ಊರಿ ನಿಂತಳು. ಬಸ್ಸಿನ ಹೊತ್ತು ಮೀರುತ್ತಿತ್ತು, ಇಬ್ಬರೂ ಅದರ ಮಾತೆತ್ತಲಿಲ್ಲ.

"ಈಗ ಕೇಳು" ಅಂದಳು.

ನಲವತ್ತು ವರ್ಷ ಗಿರಾಕಿಗಳನ್ನು ಗದರಿಸಿದ ಗಂಟಲು ಆ ಹೊತ್ತಿಗೆ ಕೈಕೊಟ್ಟಿತು. "ಅಕ್ಕ, ಇಲ್ಲೇ ಇದ್ದುಬಿಡು" ಅಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಅಕ್ಕ ಒಂದು ತುಂಡು ಜಾಲರಿ ಕೇಳಿ ತರಿಸಿಕೊಂಡು ಕಿಂಡಿಗೆ ತೇಪೆ ಹಾಕಿಸಿದಳು. ಕೈ ತೊಳೆದುಕೊಂಡು ಒಳಗೆ ಬಂದಳು. ಬಾಗಿಲ ಹತ್ತಿರವಿದ್ದ ಚೀಲವನ್ನು ದಾಟಿ, ನೇರ ಅಡುಗೆಮನೆಗೆ ನಡೆದು, ಸುತ್ತ ನೋಡಿ ಶುರುಮಾಡಿದಳು.

"ಏನು ಅಡುಗೆಮನೇನೇ ಇದು? ಸೌಟು ಒಂದು ಮೂಲೇಲಿ, ಉಪ್ಪು ಇನ್ನೊಂದು ಮೂಲೇಲಿ. ಆ ಹಾಸಿಗೆ ಅಂತೂ ಕಲ್ಲು, ಹನ್ನೊಂದು ದಿನದಿಂದ ಸೊಂಟ ಹಿಡ್ಕೊಂಡು ಸಾಯ್ತಿದೀನಿ. ನೀನು ಮಾಡೋ ಟೀ ಪಾತ್ರೆ ತೊಳೆದ ನೀರಿನ ಹಂಗಿರುತ್ತೆ. ಬಂದವಳು ಅಂತ ಸುಮ್ಮನೆ ಕುಡಿದೆ. ಈ ಹಲಗೆ ಯಾರೇ ಇಷ್ಟು ಮೇಲೆ ಹೊಡೆದಿದ್ದು? ಡಬ್ಬ ಇಳಿಸೋಕೆ ನಾನು ದಿನಾ ಸ್ಟೂಲು ಹತ್ತಲಾ?"

ನನ್ನ ಮನೆಯ ಬಗ್ಗೆ ಇಷ್ಟು ಮಾತು ಆಡಿ ಯಾರೂ ಉಳಿದಿಲ್ಲ. ನಾನು ಬಾಗಿಲಿಗೆ ಒರಗಿ, ಒಂದೊಂದು ಬೈಗುಳವನ್ನೂ ಮನಸ್ಸಿಟ್ಟು ಕೇಳಿಸಿಕೊಂಡೆ. ನೆಂಟರು ಯಾರೂ ಹೀಗೆ ಬೈಯುವುದಿಲ್ಲ.

ಅಂಗಡಿಯಿಂದ ಗುರುತು ಹಾಕುವ ಸೀಮೆಸುಣ್ಣ ತಂದೆ. "ಹಲಗೆ ಎಲ್ಲಿಗೆ ಇಳಿಸಲಿ, ಕೈ ಎತ್ತಿ ತೋರಿಸು" ಅಂದೆ.

ಅಕ್ಕ ಗೋಡೆಗೆ ಒತ್ತಿ ನಿಂತು ಕೈ ಎತ್ತಿದಳು. ಅವಳ ಬೆರಳಿನ ತುದಿಗೆ ಸರಿಯಾಗಿ ಗೆರೆ ಎಳೆದೆ. ಅವಳು ಹಿಂದೆ ಸರಿದು ಅದನ್ನೇ ದಿಟ್ಟಿಸಿ ನೋಡಿ, ತಲೆಯಾಡಿಸಿದಳು.

"ಇನ್ನೊಂದು ನಾಲ್ಕು ಬೆರಳು ಕೆಳಗೆ ಹಾಕು" ಅಂದಳು. "ವಯಸ್ಸಾಗ್ತಾ ಆಗ್ತಾ ಇನ್ನೂ ಕುಗ್ತೀನಿ."