ನಾನಿಯ ಮಣ್ಣಿಗೆ ಒಬ್ಬನೇ

ಬಸ್ಸಿನ ಕೊನೆಯ ಮೆಟ್ಟಿಲ ಮೇಲೆ ನಿಂತು, ಕೆಳಗಿನ ನೆಲ ಎಷ್ಟು ಆಳದಲ್ಲಿದೆ ಎಂದು ಶಾಹಬಾಜ ಅಂದಾಜು ಮಾಡುತ್ತಿದ್ದ. ಹಿಂದಿದ್ದವರು ಅವಸರ ಮಾಡಿದರು. ಕಂಡಕ್ಟರ್ ಮಾತ್ರ, "ತಡೀರಿ, ಹುಡುಗ ಇಳೀಲಿ" ಎಂದ. ಶಾಹಬಾಜ ಸರಳು ಬಿಡದೆ ಒಂದು ಕಾಲು ಚಾಚಿದ. ನೆಲ ಸಿಕ್ಕಿತು. ಆಮೇಲೆ ಇನ್ನೊಂದನ್ನು ಇಳಿಸಿದ. ಶಿರಹಟ್ಟಿಯ ಬಸ್‌ಸ್ಟ್ಯಾಂಡು ಎಡಕ್ಕೆ ಸ್ವಲ್ಪ ವಾಲಿ, ಮತ್ತೆ ನೆಟ್ಟಗಾಯಿತು.

ಅಪಘಾತವಾದ ಮೇಲೆ ಅವನು ಒಬ್ಬನೇ ಬಸ್ಸು ಹತ್ತಿದ್ದು ಇದೇ ಮೊದಲು. ಬೆಳಿಗ್ಗೆ, ಓದಲು ಸೇರಿದ್ದ ಗದಗಿನ ಹಾಸ್ಟೆಲಿನಲ್ಲಿದ್ದಾಗ ಸೋದರಮಾವ ಖಾಸಿಂಸಾಬನ ಫೋನ್ ಬಂದಿತ್ತು. "ನಾನಿ ಹೋದಳಪಾ. ನೀ ಅಲ್ಲೇ ಇರು, ಗಾಡಿ ಕಳಸ್ತೇನಿ." ಗಾಡಿ ಬರುವ ತನಕ ಸುಮ್ಮನೆ ಕೂಡುವುದು ಅವನಿಂದ ಆಗಲಿಲ್ಲ.

ಮನೆಯ ಮುಂದೆ ಗಂಡಸರು ಕುರ್ಚಿ ಹಾಕಿಕೊಂಡು ಕೂತಿದ್ದರು. ಒಳಗೆ ನಾನಿಗೆ, ಅವನ ತಾಯಿಯ ತಾಯಿ ಬಾನುಬಿಗೆ, ಮೈತೊಳೆಸಿ, ಕಫನಿನ ಬಿಳಿ ಬಟ್ಟೆ ಹೊದಿಸಿ ಮಲಗಿಸಿದ್ದರು. ತಲೆಯ ಬಳಿ ಪಕ್ಕದ ಮನೆಯ ಗದಿಗೆವ್ವ ಕೂತಿದ್ದಳು. ಬಾನುಬಿಯ ಜೊತೆ ಒಂದೇ ಕಟ್ಟೆಯ ಮೇಲೆ ಕೂತು ಕೌದಿ ಹೊಲಿಯುತ್ತ ಮುದುಕಿಯಾದವಳು. ಅವನನ್ನು ಕಂಡು ಎದ್ದಳು.

"ಯಾರು ಕರಕೊಂಡು ಬಂದ್ರೋ ನಿನ್ನ?"

"ಯಾರೂ ಇಲ್ಲ ಆಯಿ. ಬಸ್ಸಿನ್ಯಾಗ ಬಂದೆ."

"ಒಬ್ಬನ?"

ಅವನು ತಲೆಯಾಡಿಸಿದ. ಗದಿಗೆವ್ವ ಮತ್ತೆ ಕೂತು, ಸತ್ತವಳ ಕಿವಿಯ ಹತ್ತಿರ ಬಾಗಿದಳು. "ಬಾನವ್ವಾ, ಕೇಳಿದ್ಯಾ? ಒಬ್ಬನ ಬಂದಾನ ನೋಡು."

ನಾನಿಯ ಮುಖ ಸಣ್ಣದಾಗಿ ಹೋಗಿತ್ತು. ಅವನು ಒಬ್ಬನೇ ಬಸ್ಸಿನಿಂದಿಳಿದು ಓಣಿಯಲ್ಲಿ ನಡೆದು ಬರುವುದನ್ನು ಕಟ್ಟೆಯ ಮೇಲೆ ಕೂತು ನೋಡಬೇಕೆಂದು ಅವಳಿಗೆ ಬಹಳ ಆಸೆಯಿತ್ತು. ಬರುವ ಶುಕ್ರವಾರ ಬರುತ್ತೇನೆ, ಅದರ ಮುಂದಿನ ಶುಕ್ರವಾರ ಬರುತ್ತೇನೆ ಎಂದು ಅವನೇ ಅಂಜಿ ಮುಂದೂಡುತ್ತಿದ್ದ. ಈಗ ಒಂದೇ ಒಂದು ಸಲ ಅವಳು ಕಣ್ಣು ತೆರೆದು, 'ಇಳಿಯೂವಾಗ ಸರಳು ಹಿಡಿದ್ಯೋ ಇಲ್ಲೋ' ಎಂದು ಕೇಳಿದ್ದರೆ ಸಾಕಿತ್ತು.

*

ಅವನನ್ನು ಹೆತ್ತ ವರ್ಷವೇ ತಾಯಿ ತೀರಿಕೊಂಡಿದ್ದಳು. ಅಪ್ಪ ಮುಂಡರಗಿಯ ಕಡೆ ಬೇರೆ ಸಂಸಾರ ಹೂಡಿದ. ಬೆಳೆಸಿದವಳು ಬಾನುಬಿ. ಹಳೆಯ ಸೀರೆ, ಧೋತರ ತಂದುಕೊಟ್ಟವರಿಗೆ ಕೌದಿ ಹೊಲಿದುಕೊಡುವುದು ಅವಳ ಕಸುಬು. ಪಿಯುಸಿ ಓದುತ್ತಿದ್ದಾಗ ಶಾಹಬಾಜ ಗೆಳೆಯನ ಬೈಕಿನ ಹಿಂದೆ ಕೂತು ಲಕ್ಷ್ಮೇಶ್ವರಕ್ಕೆ ಹೊರಟಿದ್ದ. ನಾಯಿ ಅಡ್ಡ ಬಂತು. ಗೆಳೆಯನಿಗೆ ಮೊಣಕಾಲು ತರಚಿತು, ಇವನ ತಲೆ ರಸ್ತೆಗೆ ಬಡಿಯಿತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮನೆಗೆ ಬಂದ ಮೇಲೆ ಬೇರೆ ಪಾಡು. ಬಾಗಿಲು ಎರಡು ಕಾಣುತ್ತಿತ್ತು. ಯಾವುದರಲ್ಲಿ ಹೋಗಬೇಕೋ ತಿಳಿಯದೆ ಗೋಡೆಗೆ ಹಾಯುತ್ತಿದ್ದ. ಪುಸ್ತಕದ ಸಾಲುಗಳು ಒಂದರ ಮೇಲೊಂದು ಹತ್ತಿಕೊಳ್ಳುತ್ತಿದ್ದವು. ಎದ್ದು ನಿಂತರೆ ಓಡುವ ಚಕ್ಕಡಿಯ ಮೇಲೆ ನಿಂತಂತೆ. ಅವನ ನಡಿಗೆ ನೋಡಿದವರು ಕುಡಿದಿದ್ದಾನೆ ಎಂದುಕೊಂಡರು. ಗೆಳೆಯರು ಬರುವುದು ಕಡಿಮೆಯಾಗಿ, ನಿಂತೇ ಹೋಯಿತು.

ಇಂಥ ಹುಡುಗರಿಗೆ ವ್ಯಾಯಾಮ ಕಲಿಸುವ ನೇತ್ರಾ ಎಂಬ ಡಾಕ್ಟರಮ್ಮ ಗದಗಿನಲ್ಲಿದ್ದಾಳೆಂದು ಕೇಳಿ ಬಾನುಬಿ ಅವನ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು.

"ಕಣ್ಣು ಕೆಟ್ಟಿಲ್ಲ ಅಜ್ಜಿ," ಎಂದಳು ನೇತ್ರಾ. "ಮಿದುಳಿಗೆ ಪೆಟ್ಟು ಬಿದ್ದು, ಎರಡೂ ಕಣ್ಣು ಕೂಡಿ ನೋಡೂದನ್ನ ಮರತಾವ. ಮೈ ತೂಕ ಹಿಡಿಯೂದನ್ನ ಮರತೈತಿ. ಮತ್ತ ಕಲಿಸಬೇಕು."

"ಮೊದಲಿನಂಗ ಆಗ್ತಾನೇನವ್ವಾ?"

"ಎಷ್ಟು ಅಂತ ಈಗ ಹೇಳಾಕ ಬರೂದಿಲ್ಲರಿ. ಬಿಡದ ಮಾಡಿದ್ರ ಭಾಳ ಸುಧಾರಸ್ತಾನ."

ಮನೆಯಲ್ಲಿ ಬಾನುಬಿ ಕಿಟಕಿಯ ಸರಳಿಗೆ ದಾರದ ಒಂದು ತುದಿ ಕಟ್ಟಿ, ಇನ್ನೊಂದನ್ನು ಅವನ ಮೂಗಿನ ತುದಿಗೆ ಹಿಡಿಸುತ್ತಿದ್ದಳು. ದಾರದಲ್ಲಿ ಬಣ್ಣಬಣ್ಣದ ಮಣಿಗಳು. ಹತ್ತಿರದ ಮಣಿ ಒಂದೇ ಕಾಣುವ ತನಕ ಅದನ್ನೇ ನೋಡಬೇಕು. ಆಮೇಲೆ ನಡುವಿನದು, ಆಮೇಲೆ ದೂರದ್ದು. ಅದು ಮುಗಿದರೆ, ಮುಂದೆ ಚಾಚಿದ ಹೆಬ್ಬೆರಳಿನಿಂದ ದೃಷ್ಟಿ ಕದಲಿಸದೆ ತಲೆಯನ್ನು ಅತ್ತಿತ್ತ ತಿರುಗಿಸಬೇಕು. ಒಬ್ಬನೇ ಮಾಡಲು ಹುಡುಗನಿಗೆ ಬೇಸರವೆಂದು ಬಾನುಬಿಯೂ ಪಕ್ಕದಲ್ಲಿ ಕೂತು ಹೆಬ್ಬೆರಳು ಚಾಚಿ ತಲೆ ತಿರುಗಿಸುತ್ತಿದ್ದಳು. ಒಮ್ಮೆ ಅವಳಿಗೇ ತಲೆ ಗಿರ್ ಎಂದು, ಬಟ್ಟೆಯ ರಾಶಿಯ ಮೇಲೆ ಕುಸಿದಳು. ಅಪಘಾತವಾದಾಗಿನಿಂದ ಅವನು ನಕ್ಕಿದ್ದು ಅಂದೇ ಮೊದಲು.

ಎಲ್ಲ ದಿನವೂ ಹಾಗಿರಲಿಲ್ಲ. ಒಂದು ಸಂಜೆ ಅವನು ದಾರ ಕಿತ್ತೆಸೆದ. "ನೀ ಎರಡೆರಡು ಕಾಣ್ತಿ. ನನಗ ಒಬ್ಬಾಕೀನೂ ಬ್ಯಾಡ. ಎದ್ದು ಹೋಗು."

ಬಾನುಬಿ ಉರುಳಿದ ಮಣಿಗಳನ್ನು ಆರಿಸಿಕೊಳ್ಳುತ್ತ ಅಂದಳು, "ಎರಡು ಕಾಣ್ತೇನೇನು? ಚಲೋ ಆತು. ಒಬ್ಬಾಕಿ ರೊಟ್ಟಿ ಬಡಿತೇನಿ, ಇನ್ನೊಬ್ಬಾಕಿ ನಿನ್ನ ಬಾಜೂಕ ಕುಂಡ್ರತೇನಿ."

*

ಜನಾಜಾದ ಮಂಚ ಎತ್ತುವ ಮೊದಲು ಖಾಸಿಂಸಾಬ ಅವನನ್ನು ಅಂಗಳದ ಮೂಲೆಗೆ ಕರೆದ. "ಖಬರಿನ್ಯಾಗ ನಾನು, ತಾರೀಖ ಇಳಿತೇವಿ. ನೀ ಮ್ಯಾಲ ನಿಂತು ಮಣ್ಣು ಹಾಕು." ತಾರೀಖ ಅವನ ಮಗ. ಹೆಂಗಸನ್ನು ಖಬರಿನ ಗುಂಡಿಗೆ ಇಳಿಸುವವರು ಮಗ, ಮೊಮ್ಮಗ, ಹೀಗೆ ಹತ್ತಿರದ ರಕ್ತದವರೇ ಆಗಬೇಕು.

"ನಾನೂ ಇಳಿತೇನಿ ಮಾಮಾ."

"ಹಸಿ ಮಣ್ಣು ಐತಿ, ಜಾರತೈತಿ. ನಿನಗ ಬಗ್ಗಿದ್ರ ತಲಿ ತಿರಗತೈತಿ ಹೌದಿಲ್ಲ? ಆಕಿ ಮ್ಯಾಲ ಬಿದ್ದಿ ಅಂದ್ರ?"

ಶಾಹಬಾಜನ ಎದೆಯಲ್ಲಿದ್ದ ಅಂಜಿಕೆಯೂ ಅದೇ. ಅವನು ಬೇರೆ ಮಾತು ತೆಗೆದ. "ಕಡೀಕ ಏನರ ಅಂದ್ಳೇನು, ನನ್ನ ಬಗ್ಗೆ?"

ಮಾವ ಮುಖ ಆಚೆ ತಿರುಗಿಸಿದ. "ನೋಡಿಕೋ ಅಂದ್ಳು. ಅದಕ್ಕ ಹೇಳಾಕತ್ತೇನಿ."

ಯಾರೋ ಖಾಸಿಂಸಾಬನನ್ನು ಕೂಗಿದರು. ಜನಾಜಾ ಎದ್ದಿತು. ಓಣಿಯ ಗಂಡಸರು ಹೆಗಲು ಬದಲಿಸುತ್ತ ಲಗುಬಗೆಯಿಂದ ನಡೆದರು. ಶಾಹಬಾಜ ಹಿಂದುಳಿದ. ಬೀದಿಯ ಜನ, ಅಂಗಡಿಯ ಬೋರ್ಡು, ಓಡಾಡುವ ಬೈಕು ಎಲ್ಲ ಒಟ್ಟಿಗೆ ಕಣ್ಣಿಗೆ ನುಗ್ಗಿದರೆ ಅವನಿಗೆ ಈಗಲೂ ನೆಲ ವಾಲುತ್ತಿತ್ತು. ಮುಂದೆ ಜನಾಜಾದ ಮೇಲೆ ತೂಗುತ್ತ ಹೋಗುವ ಹಸಿರು ಚಾದರವೊಂದನ್ನೇ ನೋಡುತ್ತ ನಡೆದ.

*

ಬಗ್ಗುವುದನ್ನು ಕಲಿಯಲು ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದಿತ್ತು. ಬಗ್ಗಿ, ನೆಲದ ಮೇಲಿನ ವಸ್ತು ಎತ್ತಿ, ನೆಟ್ಟಗೆ ನಿಂತು ಎದುರಿಗೆ ನೋಡಬೇಕು. ತಲೆ ತಿರುಗಿದರೆ ಅಂಜಿ ಬಿಡಬಾರದು, ನಿಲ್ಲುವ ತನಕ ಕಾಯಬೇಕು ಎಂದಿದ್ದಳು ನೇತ್ರಾ. ಬಾನುಬಿ ಕೌದಿಯ ಚಿಂದಿಗಳನ್ನು ನೆಲದ ತುಂಬ ಹರಡಿ, "ಆ ಕೆಂಪಂದು ಕೊಡು, ಈ ಹಸರಂದು ಕೊಡು" ಎನ್ನುತ್ತಿದ್ದಳು. ಅವನು ಬೀಳುತ್ತಿದ್ದ. ಒಮ್ಮೆ ಅದನ್ನು ನೋಡಿ ಖಾಸಿಂಸಾಬ ಎತ್ತಲು ಓಡಿ ಬಂದ. ಬಾನುಬಿ ಮಗನ ಕೈ ಹಿಡಿದು ನಿಲ್ಲಿಸಿದಳು.

"ಕೌದಿ ಹಾಸೇನಿ, ಪೆಟ್ಟಾಗೂದಿಲ್ಲ. ತಾನ ಏಳ್ತಾನ."

"ನಿನಗ ಕರುಳು ಇಲ್ಲೇನಬೇ?" ಎಂದಿದ್ದ ಅವನು.

ಬಾನುಬಿ ಮಗನ ಕೈಯನ್ನು ಬಿಡಲಿಲ್ಲ. ಶಾಹಬಾಜ ಎದ್ದು ನಿಂತಾಗ ಅವಳ ಕಣ್ಣು ತುಂಬಿದ್ದವು.

*

ಖಬರಸ್ತಾನದಲ್ಲಿ ನಮಾಜು ಮುಗಿಯಿತು. ತಂದೆ ಮಗ ಇಬ್ಬರೂ ಒಳಗಿಳಿದರು. ತೋಡಿದ ಮಣ್ಣಿನ ಗುಡ್ಡೆಯ ಪಕ್ಕದಲ್ಲಿ ಶಾಹಬಾಜ ಕಾಲಗಲಿಸಿ ನಿಂತಿದ್ದ. ಜನಾಜಾವನ್ನು ಅಂಚಿಗೆ ತಂದರು. ಆಗ ಖಾಸಿಂಸಾಬ ಒಳಗಿನಿಂದ ತಲೆಯೆತ್ತಿ, ಗುಂಪಿನಲ್ಲಿ ಅವನನ್ನು ಹುಡುಕಿದ.

"ನಾ ನಿನಗ ಪೂರಾ ಹೇಳಲಿಲ್ಲ," ಎಂದ. "ನೋಡಿಕೋ ಅಂದ್ಳು ಖರೆ. ಆಮ್ಯಾಲೆ, ‘ಬಿದ್ರ ತಾನ ಏಳ್ತಾನ, ನೀ ಬರೇ ಬಾಜೂಕ ಇರು’ ಅಂದ್ಳು." ಮಗನ ಕಡೆ ತಿರುಗಿದ. "ತಾರೀಖ, ನೀ ಮ್ಯಾಲ ಹೋಗು. ಅವ ಬರಲಿ."

ತಾರೀಖ ಮೇಲೆ ಬಂದ. ಶಾಹಬಾಜ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಜಾರಿದ. ಪಾದದಡಿ ಮಣ್ಣು ಕುಸಿದು ಮೈ ಒಂದು ಬದಿಗೆ ಹೋಯಿತು. ಮಾವ ಕೈ ಚಾಚಿದ, ಆದರೆ ಹಿಡಿಯಲಿಲ್ಲ. ಶಾಹಬಾಜ ಗೋಡೆಗೆ ಬೆನ್ನು ಹಚ್ಚಿ ತಾನೇ ನಿಂತ.

"ಕೊಡ್ರಿ," ಎಂದ.

ಮೇಲಿನಿಂದ ನಾನಿ ಅವರಿಬ್ಬರ ತೋಳಿಗೆ ಬಂದಳು. ಇಷ್ಟು ಹಗುರ ಇದ್ದಳೇ ಎಂದುಕೊಂಡ. ತಲೆಯ ಕಡೆ ಅವನಿದ್ದ, ಕಾಲ ಕಡೆ ಮಾವ. ನಿಧಾನಕ್ಕೆ ಮಲಗಿಸಿದರು.

"ಕಫನಿನ ಗಂಟು ಬಿಚ್ಚಿ ಮಾರಿ ಪಶ್ಚಿಮಕ್ಕ ಹೊರಳಸು," ಎಂದ ಮಾವ ಮೆಲ್ಲಗೆ.

ಶಾಹಬಾಜ ಬಗ್ಗಿ ತಲೆಯ ಕಡೆಯ ಗಂಟು ಬಿಚ್ಚಿದ. ಇಕ್ಕಟ್ಟಾದ ಮಣ್ಣಿನ ಗೋಡೆಗಳು ಒಮ್ಮೆಲೇ ತಿರುಗಿದವು. ಬಿಳಿ ಬಟ್ಟೆಯ ನಡುವೆ ಎರಡು ಮುಖ ಕಂಡವು, ಎರಡೂ ನಾನಿಯವೇ. ಅವನು ಕಣ್ಣು ಮುಚ್ಚಲಿಲ್ಲ. ನೋಡುತ್ತಲೇ ಇದ್ದ. ಗೋಡೆಗಳು ನಿಂತವು. ಎರಡು ಮುಖಗಳು ಒಂದರ ಕಡೆ ಒಂದು ಸರಿದು, ತುಸು ಅಳ್ಳಾಡಿ, ಕೂಡಿದವು. ಅವನು ಕೆನ್ನೆಯ ಕೆಳಗೆ ಅಂಗೈಯಿಟ್ಟು ಮೆಲ್ಲಗೆ ಹೊರಳಿಸಿದ.

ಮೇಲಿನಿಂದ ಅವನನ್ನು ಎತ್ತಿಕೊಳ್ಳಲು ನಾಲ್ಕಾರು ಕೈಗಳು ಕೆಳಗೆ ಚಾಚಿದವು. "ಆತು, ಬಾರಪಾ," ಎಂದರು ಯಾರೋ. ಶಾಹಬಾಜ ತಲೆಯೆತ್ತಲಿಲ್ಲ. ಅಂಗೈಯನ್ನು ಅಲ್ಲೇ ಬಿಟ್ಟು, ರೆಪ್ಪೆ ಬಡಿಯದೆ, ಒಂದಾದ ಆ ಮುಖವನ್ನೇ ನೋಡುತ್ತ ಬಗ್ಗಿಯೇ ಇದ್ದ.