ಮುಂದಿನ ಸೀಟು

ನಮ್ಮ ಹೂಗ್ಯಂ ಕಡೆ ಯಾರಾದರೂ ತೀರಿಕೊಂಡರೆ, ದೂರದಲ್ಲಿರುವ ಮಗನಿಗೋ ಗಂಡನಿಗೋ ಸತ್ತ ಸುದ್ದಿ ತಿಳಿಸುವುದಿಲ್ಲ. ‘ಸೀರಿಯಸ್ಸು, ಬಾ’ ಎಂದಷ್ಟೇ ಹೇಳಿ ಕಳಿಸುತ್ತಾರೆ. ಬಂದವನನ್ನು ಜೀಪಿನಲ್ಲಿ ಡ್ರೈವರ್ ಪಕ್ಕ ಕೂರಿಸಿ, ದಾರಿಯಲ್ಲಿ ಹೋಟೆಲಿಗೆ ನಿಲ್ಲಿಸಿ ಹೊಟ್ಟೆ ತುಂಬ ತಿನ್ನಿಸುತ್ತಾರೆ. ಸುದ್ದಿ ಗೊತ್ತಾದ ಮೇಲೆ ಮಣ್ಣಾಗುವ ತನಕ ಅವನ ಗಂಟಲಲ್ಲಿ ಏನೂ ಇಳಿಯುವುದಿಲ್ಲವಲ್ಲ, ಅದಕ್ಕೆ. ನಮ್ಮಪ್ಪ ಸತ್ತಾಗ ನಾನು ಯಳಂದೂರಿನ ಹತ್ತಿರ ಅಗರದಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದೆ. ಕರೆಯಲು ಬಂದವರು ಕೊಳ್ಳೇಗಾಲದ ಹೋಟೆಲಿನಲ್ಲಿ ಒತ್ತಾಯ ಮಾಡಿ ಮಾಡಿ ಮಸಾಲೆ ದೋಸೆ ತಿನ್ನಿಸಿದರು. ನಾನೂ ಮಂಗನ ಹಾಗೆ ಚಪ್ಪರಿಸಿ ತಿಂದೆ. ಮನೆ ಮುಂದೆ ಬೆಂಕಿ ಹಾಕಿದ್ದು ಕಂಡಾಗಲೇ ಗೊತ್ತಾಗಿದ್ದು. ಅವತ್ತಿನಿಂದ ಕಾರಣವಿಲ್ಲದೆ ಯಾರಾದರೂ ಉಪಚಾರ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ತೊಂಬತ್ತೊಂಬತ್ತರಲ್ಲಿ ನಾನು ಆಫ್ರಿಕಾದ ಟಾಂಜಾನಿಯಾದಲ್ಲಿದ್ದೆ. ಸೇಲಂ ಕಡೆಯ ಮಾಲೀಕರೊಬ್ಬರ ಬೋರ್‌ವೆಲ್ ಲಾರಿಯ ಜೊತೆ ಹೋಗಿದ್ದೆ. ಒಂದು ಮಧ್ಯಾಹ್ನ ನಮ್ಮ ಸೂಪರ್‌ವೈಸರ್ ಶಿವನಂಜಯ್ಯ ಓಡಿ ಬಂದ.

‘ರಂಗಸ್ವಾಮಿ, ಊರಿಂದ ಫೋನ್ ಬಂದಿತ್ತು ಕಣಪ್ಪ. ನಿನ್ ಎಂಡ್ರಿಗೆ ಸೀರಿಯಸ್ಸಂತೆ, ಕೊಳ್ಳೇಗಾಲದ ಆಸ್ಪತ್ರೆಗೆ ಸೇರ್ಸವ್ರಂತೆ. ಒಂಟ್ಬುಡು.’

‘ಕೋಮಲ ಬದುಕವ್ಳಾ?’ ಅಂದೆ.

‘ಥೂ, ಬುಡ್ತು ಅನ್ನು’ ಎಂದು ಅತ್ತ ತಿರುಗಿಕೊಂಡ. ಯಾಕೆ ತಿರುಗಿಕೊಂಡ ಅನ್ನುವುದೇ ನನ್ನ ತಲೆ ತಿನ್ನತೊಡಗಿತು.

ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ನನ್ನ ಟಿಕೆಟ್ ನೋಡಿದಳು, ಮುಖ ನೋಡಿದಳು, ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಆಮೇಲೆ ನಗುತ್ತಾ, ನಿಮ್ಮ ಸೀಟು ಬದಲಾಗಿದೆ, ಮುಂದೆ ಬಿಸಿನೆಸ್ ಕ್ಲಾಸಿನಲ್ಲಿ ಕೂರಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅಷ್ಟು ಇಂಗ್ಲಿಷು ನನಗೂ ತಿಳಿಯುತ್ತಿತ್ತು. ‘ನೋ ಮನಿ’ ಅಂದೆ. ಹಣ ಬೇಡ ಅಂದಳು. ಯಾಕೆ ಅಂದೆ. ಮತ್ತೆ ನಕ್ಕಳು.

ಶಿವನಂಜಯ್ಯ ಇವರಿಗೂ ಫೋನ್ ಮಾಡಿ ಹೇಳಿದ್ದಾನೆ! ಇಲ್ಲದಿದ್ದರೆ ಅಷ್ಟೊಂದು ಕೋಟಿನವರು ಸಾಲಾಗಿ ನಿಂತಿರುವಾಗ, ಗ್ರೀಸು ವಾಸನೆಯ ಶರಟು, ಹವಾಯಿ ಚಪ್ಪಲಿ ಹಾಕಿದ ನನ್ನನ್ನೇ ಯಾಕೆ ಆರಿಸಬೇಕು?

ಅದು ಸೀಟಲ್ಲ, ಮಂಚ. ಕೂತ ಕೂಡಲೇ ಗಗನಸಖಿ ಬಿಸಿ ಟವೆಲು ತಂದು, ಮುಖ ಒರೆಸಿಕೊಳ್ಳಿ ಎಂದು ಸನ್ನೆ ಮಾಡಿದಳು. ಅಳುವುದಕ್ಕೆ ಮುಂಚೆಯೇ ಮುಖ ಒರೆಸುವ ಬಟ್ಟೆ! ಹಿಂದೆಯೇ ಜ್ಯೂಸು ಬಂತು, ಬೇಡ ಅಂದೆ. ಗೋಡಂಬಿ ಬಂತು, ಬೇಡ ಅಂದೆ. ಕೊನೆಗೆ ಅವಳು ನನ್ನ ಕಾಲ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಚಿಕನ್ನೋ ಮೀನೋ ಎಂದು ಮಕ್ಕಳನ್ನು ಕೇಳುವ ಹಾಗೆ ಕೇಳಿದಳು.

ಪಕ್ಕದಲ್ಲಿ ಒಬ್ಬ ಗುಜರಾತಿ ಸೇಠು ಇದ್ದ. ಹಿಂದೆ ಸೀಟೆಲ್ಲ ಭರ್ತಿಯಾದಾಗ ಒಬ್ಬಿಬ್ಬರನ್ನು ಮುಂದಕ್ಕೆ ಕಳಿಸುತ್ತಾರೆ, ಇದೆಲ್ಲ ಮಾಮೂಲು, ಊಟ ಮಾಡು ಎಂದು ಹಿಂದಿಯಲ್ಲಿ ಹೇಳಿ ನನ್ನ ಭುಜ ತಟ್ಟಿದ. ಮಾಮೂಲಾದರೆ ಭುಜ ಯಾಕೆ ತಟ್ಟಬೇಕು? ಇವನೂ ಅವರ ಕಡೆಯವನೇ.

ಹಸಿವಿನಿಂದ ಕರುಳು ಕಿತ್ತು ಬರುತ್ತಿತ್ತು. ಸೇಠು ಪಕ್ಕದಲ್ಲೇ ಕೂತು ಪನೀರು ಮುಕ್ಕುತ್ತಿದ್ದ. ಆಗ ನನಗೊಂದು ಹುಚ್ಚು ಯೋಚನೆ ಹತ್ತಿತು. ಉಂಡ ಮೇಲೆ ತಾನೆ ಸುದ್ದಿ ಹೇಳುವುದು? ಹಾಗಾದರೆ ನಾನು ಬಾಯಿ ಮುಚ್ಚಿಕೊಂಡಿರುವಷ್ಟು ಹೊತ್ತು ಕೋಮಲ ಬದುಕಿರುತ್ತಾಳೆ. ಸಮುದ್ರದ ಮೇಲೆ ಹಾರುವಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡು ಕೂತೆ. ನೀರನ್ನೂ ಮುಟ್ಟಲಿಲ್ಲ. ಗಗನಸಖಿ ಹೊದಿಕೆ ತಂದು ಹೊದಿಸಿದಾಗ ಅವಳನ್ನು ಗದರಿಯೇ ಬಿಟ್ಟೆ.

ಮುಂಬೈಯಲ್ಲಿ ವಿಮಾನ ಬದಲಾಯಿಸಿ ಬೆಂಗಳೂರಿನಲ್ಲಿ ಇಳಿದೆ. ಹೊರಗೆ ಕೋಮಲಳ ಅಣ್ಣ ರಾಜಣ್ಣ ನಿಂತಿದ್ದ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು. ನನ್ನನ್ನು ಕಂಡವನೇ, ‘ಬಾ, ಮೊದ್ಲು ಏನಾರ ತಿಂದ್ಬುಡವ’ ಅಂದ.

ಮುಗಿಯಿತು ಅಂದುಕೊಂಡೆ. ಬ್ಯಾಗು ಕೈಯಿಂದ ಜಾರಿತು.

‘ನಂಗೆ ಬ್ಯಾಡ ಭಾವ. ಏನಾಗದೆ ಯೋಳ್ಬುಡು. ಯೋಳಗಂಟ ಒಂದ್ ತೊಟ್ಟು ನೀರೂ ಕುಡಿಯಾಕಿಲ್ಲ.’

‘ನಿಂಗ್ ಬ್ಯಾಡದಿದ್ರೆ ಬುಡು, ನಂಗಾಯ್ತದೆ ಅಸಿವು!’ ರಾಜಣ್ಣ ರೇಗಿದ. ‘ನಿನ್ನೆಯಿಂದ ಕೂಳಿಲ್ಲ, ನಿದ್ದಿಲ್ಲ. ನಿನ್ ಎಂಡ್ರು ಬುಟ್ಟಾಳಾ? ಆಪರೇಸನ್ ಆಗಿ ಕಣ್ ಬುಟ್ಟಿದ್ದೇ ತಡ, ನರ್ಸಮ್ಮನ ಜೊತೆ ಜಗಳಕ್ಕೆ ಬಿದ್ದವ್ಳೆ. ಈ ಗಂಜಿನ ನಾಯಿನೂ ಮೂಸಾಕಿಲ್ಲ ಅಂತ ಲೋಟ ಎಸ್ದವ್ಳೆ. ನಿಂಗೆ ಫೋನ್ ಮಾಡ್ಸಿ ಎದರ್ಸ್‌ಬುಟ್ಟೆ ಅಂತ ಇಡೀ ವಾರ್ಡ್‌ಗೆ ಕೇಳಂಗೆ ನನ್ಗೆ ಉಗುದ್ಲು. ಗಯ್ಯಾಳಿ ಕಣಯ್ಯ, ಗಯ್ಯಾಳಿ!’

ನಾನು ಅವನ ಮುಖವನ್ನೇ ನೋಡಿದೆ. ಹೆಣ ಮನೆಯಲ್ಲಿಟ್ಟುಕೊಂಡು ಯಾರೂ ಸತ್ತವರನ್ನು ಬೈಯುವುದಿಲ್ಲ. ನಮ್ಮೂರಲ್ಲಂತೂ ಎಂಥ ಕೆಟ್ಟವರೂ ಅವತ್ತೊಂದು ದಿನ ಚಿನ್ನದಂಥವರು. ನನ್ನ ಕೋಮಲ ಇನ್ನೂ ಗಯ್ಯಾಳಿಯಾಗಿಯೇ ಇದ್ದಾಳೆ!

ನಿಂತಲ್ಲೇ ಕುಸಿದು ಕೂತು ಗಳಗಳನೆ ಅತ್ತೆ. ಜನ ತಿರುಗಿ ತಿರುಗಿ ನೋಡಿದರು. ರಾಜಣ್ಣ ಗಾಬರಿಯಾಗಿ ನನ್ನ ತೋಳು ಹಿಡಿದ.

‘ಯಾಕಯ್ಯ? ತಪ್ಪಾಯ್ತು, ಇನ್ಮೇಲೆ ಅವಳ್ನ ಬೈಯಾಕಿಲ್ಲ ಬುಡು.’

‘ಬಯ್ಯಿ ಭಾವ,’ ಅಂದೆ. ‘ಇನ್ನೊಸಿ ಬಯ್ಯಿ.’