ಮೊದಲ ತುತ್ತು

ವಿದೇಶಗಳಲ್ಲಿ ಹೇಗೆ ಉಣ್ಣಬೇಕೆಂದು ಎರಡು ಪುಸ್ತಕ ಬರೆದ ಮೇಲೆ ನಮ್ಮ ಭಾವ ಮೊದಲ ಸಲ ವಿದೇಶಕ್ಕೆ ಹೊರಟರು. ಅಕ್ಕನೂ ನಾನೂ ಜೊತೆಗಿದ್ದೆವು. ನಮಗೆ ಕೋಣೆ ಬಾಡಿಗೆ ಕೊಟ್ಟ ಬಡಗಿ ಊಟಕ್ಕೆ ಕರೆದ. ಹಿರಿಯ ಅತಿಥಿಯ ತಟ್ಟೆಯಿಂದ ಒಂದು ತುತ್ತು ಹೋಗುವವರೆಗೆ ಆ ಮನೆಯಲ್ಲಿ ಯಾರೂ ತಿನ್ನುವಂತಿಲ್ಲವಂತೆ. "ಎಂಥ ಸಂಸ್ಕಾರ!" ಎಂದು ಭಾವ ತಲೆದೂಗಿದರು.

ತಟ್ಟೆಗೆ ಬಿದ್ದದ್ದು ಬೂದು ಬಣ್ಣದ, ಗದಗದ ಅಲುಗುವ ತುಂಡು. ಭಾವ ಅದನ್ನು ಮೂಸಿದರು, ಚಮಚದಿಂದ ತಿವಿದರು, ಆಮೇಲೆ ಆಹಾರ ಸಂಸ್ಕೃತಿಯ ಬಗ್ಗೆ ಉಪನ್ಯಾಸಕ್ಕೆ ತೊಡಗಿದರು. ಬಡಗಿಯ ತಂದೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚಿನ ಇಂಜೆಕ್ಷನ್ ಆಗಿಹೋಗಿತ್ತು, ಇನ್ನು ತಿನ್ನದೆ ತಡೆಯುವಂತಿರಲಿಲ್ಲ. ಮುದುಕರ ಹಣೆ ಬೆವರಿ ಕೈ ನಡುಗತೊಡಗಿತು.

"ರೀ, ಅವರಿಗೆ ತಲೆಸುತ್ತು ಬರ್ತಿದೆ. ಒಂದು ಚೂರು ಬಾಯಿಗೆ ಹಾಕ್ಕೊಳ್ಳಿ," ಎಂದಳು ಅಕ್ಕ.

"ತಡಿಯೇ, ಯಾವ ಪ್ರಾಣಿ ಅಂತ ಗೊತ್ತಾಗ್ಬೇಡ್ವಾ?"

"ಪುಸ್ತಕದಲ್ಲಿ ಹಾವೇ ತಿಂದಿದ್ರಲ್ಲ ಭಾವ," ಎಂದೆ.

"ಅದು ಬರವಣಿಗೆ ಕಣೋ!"

ಅಕ್ಕ ಭಾವನ ತಟ್ಟೆಗೇ ಕೈಹಾಕಿ ಒಂದು ತುಂಡು ನುಂಗಿದಳು. ಮರುಕ್ಷಣವೇ ಮುದುಕರ ಚಮಚ ಬಾಯಿ ಸೇರಿತು. ಎಲ್ಲರೂ ಗಬಗಬ ತಿನ್ನತೊಡಗಿದರು.

ಭಾವ ನನ್ನ ಕಿವಿಯ ಬಳಿ ಬಾಗಿದರು. "ನೋಡಿದ್ಯಾ? ಅತಿಥಿ ಇನ್ನೂ ಮುಟ್ಟಿಲ್ಲ, ಆಗ್ಲೇ ಮುಕ್ಕುತ್ತಾ ಇದಾರೆ. ಬರೀ ಮಾತಲ್ಲಿ ಕಣೋ ಇವರ ಪದ್ಧತಿ!"